ಕೆಳಗಿನ ಸೆಟ್ಟು ಹೇಗಿದೆ?

ಹಾಸನದ ನಮ್ಮ ಹಲ್ಲಿನ ಕ್ಲಿನಿಕ್ಕಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯ ಮೇಲೆ ನಾನು ಕೂತದ್ದು ಒಂದು ವಾರದ ಮಟ್ಟಿಗೆ. ಹೆಸರು ಕೂಗಿ ಜನರನ್ನು ಒಳಗೆ ಬಿಡುತ್ತಿದ್ದ ಹುಡುಗಿ ಮದುವೆ ಗೊತ್ತಾಗಿ ಕೆಲಸ ಬಿಟ್ಟಿದ್ದಳು. "ಬೇರೆಯವರು ಸಿಗೋ ತನಕ ಸ್ವಲ್ಪ ಕೂತಿರ್ತೀಯಾ ಪದ್ಮ?" ಅಂದರು ನಮ್ಮ ಮನೆಯವರು. ಕ್ಲಿನಿಕ್ಕಿನ ಡಾಕ್ಟರು ಅವರೇ. ಬೇರೆಯವರು ಸಿಗಲಿಲ್ಲ. ಅವರು ಹುಡುಕಿದ ಹಾಗೂ ನನಗೆ ಕಾಣಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಕೂತವಳು ಎದ್ದದ್ದು, ಅವರು ಕ್ಲಿನಿಕ್ಕನ್ನು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರಿಗೆ ವಹಿಸಿಕೊಟ್ಟು ಮನೆಯಲ್ಲಿ ಪೇಪರ್ ಓದಲು ಶುರು ಮಾಡಿದ ಮೇಲೆಯೇ.

ಈಗ ಆ ಕುರ್ಚಿಗೆ ರಮ್ಯಾ ಅನ್ನುವ ಹೊಸ ಹುಡುಗಿ ಬಂದಿದ್ದಾಳೆ. "ಆಂಟಿ, ನಿಮ್ಮ ಅನುಭವ ಒಂದಿಷ್ಟು ಬರೆದುಕೊಡಿ, ಇವಳಿಗೆ ಉಪಯೋಗವಾಗತ್ತೆ" ಅಂತ ಲೇಡಿ ಡಾಕ್ಟರು ಕೇಳಿದರು. ಅನುಭವ ಅಂದ ತಕ್ಷಣ ನನಗೆ ನೆನಪಾದದ್ದೆಲ್ಲ ನಾನು ಪೆದ್ದಿಯಾದ ಸಂದರ್ಭಗಳೇ. ಅವನ್ನೇ ಬರೆಯುತ್ತೇನೆ ರಮ್ಯಾ. ಬಡ್ತಿಯ ಸಂಗತಿ ಬರೆಯೋಣವೆಂದರೆ, ನನಗೆ ಸಿಕ್ಕಿದ್ದು ಒಂದೇ. ಪ್ಲಾಸ್ಟಿಕ್ ಕುರ್ಚಿಯಿಂದ ಕುಷನ್ ಕುರ್ಚಿಗೆ ಹೋದೆ. ಅದೂ ಪ್ಲಾಸ್ಟಿಕ್ಕಿನದರ ಕಾಲು ಮುರಿದದ್ದರಿಂದ.

ಆ ಕೆಲಸಕ್ಕೆ ನನಗಿದ್ದ ಅರ್ಹತೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ನಯ. ದನಿ ಏರಿಸಬಾರದು, ಬಾಗಿಲು ಬಡಿಯಬಾರದು, ಎದುರಿಗಿದ್ದವರು ನಮ್ಮ ಕಾಲು ತುಳಿದರೂ ನಾವೇ ಸಾರಿ ಅನ್ನಬೇಕು. ಈ ನಯದಿಂದ ಹಾಸನದ ಕ್ಲಿನಿಕ್ಕಿನಲ್ಲಿ ಎಷ್ಟು ಎಡವಟ್ಟಾಗಬಹುದು ಅನ್ನುವುದನ್ನು ಸಿಸ್ಟರುಗಳು ಊಹಿಸಿರಲಾರರು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ಜನ ಹಲ್ಲೆಲ್ಲ ಹೋಗಿ ಹಲ್ಲುಸೆಟ್ಟು ಮಾಡಿಸಿಕೊಳ್ಳಲು ಬಂದ ವಯಸ್ಸಾದವರು. ಮೇಲಿನ ಸೆಟ್ಟು ಒಳ್ಳೆಯ ಮಗುವಿನ ಹಾಗೆ, ಅಂಗುಳಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ಕೆಳಗಿನದಕ್ಕೆ ಅಂಟಿಕೊಳ್ಳಲು ಜಾಗವೇ ಇಲ್ಲ. ಹಲ್ಲಿಲ್ಲದೆ ವರ್ಷಗಟ್ಟಲೆ ಸವೆದ ದವಡೆ, ನಡುವೆ ಸುಮ್ಮನಿರದ ನಾಲಿಗೆ. ಮಾತಾಡಿದರೆ ಏಳುತ್ತದೆ, ನಕ್ಕರೆ ಜಾರುತ್ತದೆ, ಸೀನಿದರೆ ಹೊರಟೇ ಹೋಗುತ್ತದೆ. ಹೇಮಾವತಿ ತುಂಬಿ ಹರಿಯುವಾಗ ತೆಪ್ಪದ ಗತಿ ಏನೋ, ಬಾಯೊಳಗೆ ಅದರ ಗತಿ ಅದೇ. ನಮ್ಮ ಮನೆಯವರು ಎಷ್ಟು ಚೆನ್ನಾಗಿ ಅಳತೆ ತೆಗೆದರೂ ಅದರ ಬುದ್ಧಿ ಬದಲಾಗುತ್ತಿರಲಿಲ್ಲ.

ಸೆಟ್ಟು ಕೊಟ್ಟ ಕೆಲವು ವಾರದ ಮೇಲೆ ಜನ ತೋರಿಸಲು ಬರುತ್ತಿದ್ದರು. ಒಳಗೆ ಹೋಗುವ ಮೊದಲು "ಹೇಗಿದೆ, ಆರಾಮಾಗಿದೆಯಾ?" ಅಂತ ವಿಚಾರಿಸುವುದು ನನ್ನ ಕೆಲಸ. "ನನ್ನ ಹತ್ರ ಯಾರೂ ನಿಜ ಹೇಳಲ್ಲ, ನೀನು ಕೇಳು" ಅಂತ ಡಾಕ್ಟರ ಅಪ್ಪಣೆಯಾಗಿತ್ತು. ನಾನು ಸ್ವಲ್ಪ ಬಾಗಿ, ಮೆಲ್ಲಗೆ, ನಗುತ್ತಾ ಕೇಳುತ್ತಿದ್ದೆ. ಅವರೂ ನಗುತ್ತಾ "ಚೆನ್ನಾಗೈತೆ ಕಣವ್ವ" ಅನ್ನುತ್ತಿದ್ದರು. ನಗುವಾಗ ಕೈ ಬಾಯಿಗೆ ಅಡ್ಡ ಹೋಗುತ್ತಿದ್ದದ್ದನ್ನು ನೋಡುತ್ತಿದ್ದೆ. ಈ ಕಡೆಯ ಜನಕ್ಕೆ ಎಷ್ಟು ಸಂಕೋಚ ಅಂದುಕೊಳ್ಳುತ್ತಿದ್ದೆ. ಕೆಳತುಟಿ ಒಳಗೆ ಸೇರಿರುವುದನ್ನೂ ನೋಡುತ್ತಿದ್ದೆ. ವಯಸ್ಸು ಪಾಪ ಅಂದುಕೊಳ್ಳುತ್ತಿದ್ದೆ. ನನಗೆ ಕಣ್ಣು ಚುರುಕು ಅಂತ ಎಲ್ಲರೂ ಹೇಳುತ್ತಾರೆ. ಕಣ್ಣು ಕಂಡದ್ದನ್ನು ತಲೆಗೆ ತಲುಪಿಸುವ ದಾರಿ ಮಾತ್ರ ಆಗ ಇನ್ನೂ ರಿಪೇರಿಯಲ್ಲಿತ್ತು.

ಇನ್ನೂ ಖಚಿತವಾಗಲಿ ಅಂತ ನಾನೇ ಒಂದು ಪ್ರಶ್ನೆ ಹುಡುಕಿಕೊಂಡೆ: "ಮುದ್ದೆ ಊಟ ಮಾಡೋಕಾಗತ್ತಾ?" ನನ್ನ ತವರಿನಲ್ಲಿ ಅನ್ನವೇ ಊಟ, ಹಾಸ್ಟೆಲಿನಲ್ಲಿ ಬ್ರೆಡ್ಡು. ಮದುವೆಯಾಗಿ ಬಂದ ಮೇಲೆ ಒಂದೆರಡು ಕಡೆ ರಾಗಿಮುದ್ದೆ ಉಂಡಿದ್ದೆ. ಹಲ್ಲಿಗೆಲ್ಲ ಮೆತ್ತಿಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತಿತ್ತು. ಇಂಥ ಮುದ್ದೆಯನ್ನು ಉಣ್ಣಬಲ್ಲವರಿಗೆ ಇನ್ನು ಯಾವ ತೊಂದರೆ ಇದ್ದೀತು ಅನ್ನುವುದು ನನ್ನ ತರ್ಕ. ಕೇಳಿದವರೆಲ್ಲ "ಓ, ದಂಡಿಯಾಗ್ ಉಣ್ತೀನಿ" ಅಂದರು. ನಾನು ಒಳಗೆ ಹೋಗಿ, "ರೀ, ಎಲ್ಲರಿಗೂ ತೃಪ್ತಿ!" ಅಂತ ವರದಿ ಒಪ್ಪಿಸಿದೆ. ಅವರು ಆ ಸಂಜೆ ಬಹಳ ಖುಷಿಯಾಗಿದ್ದರು.

ಈ ಖುಷಿಗೆ ಮಣ್ಣು ಹಾಕಿದವರು ಅರಕಲಗೂಡು ಕಡೆಯ ಸಣ್ಣಮ್ಮ. ತೆಳ್ಳಗಿನ ಮುದುಕಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಅದರೊಳಗೆ ಅಡಿಕೆ ಜಜ್ಜುವ ಪುಟ್ಟ ಕುಟ್ಟಾಣಿ. ಜೊತೆಗೆ ಸೊಸೆ ಲಕ್ಷ್ಮಿ ಬಂದಿದ್ದಳು. ಬೆಂಚುಗಳ ತುಂಬ ಜನ. ನಾನು ಮಾಮೂಲಿನಂತೆ ಕೇಳಿದೆ. ಸಣ್ಣಮ್ಮ ಮಾಮೂಲಿನಂತೆ "ಎರಡೊತ್ತೂ ಮುದ್ದೇನೆ ಕಣವ್ವ" ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಅಗಿಯೋಕೆ ಕಷ್ಟ ಆಗಲ್ವಾ?" ಅಂದೆ.

ಸಣ್ಣಮ್ಮ ನನ್ನನ್ನೇ ನೋಡಿದರು. ಬೆಂಚಿನ ಮೇಲಿದ್ದವರೂ ನೋಡಿದರು.

"ಏನ ಅಗಿಯಾದು?"

"ಮುದ್ದೆ."

"ಮುದ್ದೆಯ ಯಾರವ್ವ ಅಗೀತಾರೆ? ಸಾರ್ನಾಗ್ ಅದ್ದಿ ನುಂಗಾದು!"

ಲಕ್ಷ್ಮಿ ಸೆರಗನ್ನು ಬಾಯಿಗೆ ಇಟ್ಟುಕೊಂಡು, "ಅಕ್ಕಾ, ನೀವ್ ಅಗೀತೀರಾ?" ಅಂದಳು.

ಇಡೀ ಬೆಂಚು ನಕ್ಕಿತು. ಒಳಗೆ ಬಾಯಿ ತೆರೆದುಕೊಂಡು ಮಲಗಿದ್ದ ರೋಗಿಯೂ ನಕ್ಕರೆಂದು ಆಮೇಲೆ ತಿಳಿಯಿತು. ನಾನು ಕೇಳಿದ್ದ ಪ್ರಶ್ನೆಗೆ ಹಲ್ಲೇ ಬೇಕಿರಲಿಲ್ಲ. ಹಾಗಾದರೆ ಅಷ್ಟೊಂದು ಜನ ಚೆನ್ನಾಗಿದೆ ಅಂದದ್ದು? ಸಣ್ಣಮ್ಮನನ್ನೇ ಕೇಳಿದೆ, "ಮತ್ತೆ ಕೆಳಗಿನ ಸೆಟ್ಟು?"

ಅವರು ಸೆರಗಿನ ಗಂಟು ಬಿಚ್ಚಿದರು. ಬಸ್ಸಿನ ಟಿಕೆಟ್ಟು, ಚೂರು ಅಡಿಕೆಯ ಜೊತೆ ಕೆಳಗಿನ ಸೆಟ್ಟು ಬೆಚ್ಚಗೆ ಕೂತಿತ್ತು.

"ಡಾಕ್ಟ್ರ ಮುಂದೆ ಆಕ್ಕಂಡು ಓಯ್ತೀನಿ. ಈಚೆ ಬಂದು ಬಿಚ್ಚಿ ಮಡೀಕತ್ತೀನಿ."

"ಅಲ್ಲಮ್ಮ, ಚೆನ್ನಾಗಿದೆ ಅಂದ್ರಲ್ಲ?"

"ಪಾಪ, ಅಷ್ಟು ಕಷ್ಟಪಟ್ಟು ಮಾಡವ್ರೆ. ಚೆನ್ನಾಗಿಲ್ಲ ಅಂದ್ರೆ ನೊಂದ್ಕಳಾಕಿಲ್ವಾ? ಅದೂ ನೀನು ಅಂಗೆ ಮೆತ್ತುಗ್ ಕೇಳ್ತೀಯ. ಒರಟಾಗಿ ಎಂಗವ್ವ ಏಳಾದು?"

ಅಂದರೆ ನನ್ನ ನಯವೇ ಎಲ್ಲರ ಬಾಯಿ ಕಟ್ಟಿತ್ತು. ಈ ವರದಿಯನ್ನು ಒಳಗೆ ಒಪ್ಪಿಸಿದಾಗ ನಮ್ಮ ಮನೆಯವರು ನಗಲಿಲ್ಲ. ಕೈಗವಸು ಕಳಚುತ್ತಾ, "ಹಾಗಾದ್ರೆ ಇಷ್ಟು ವರ್ಷ ನಾನು ಸೆರಗಿನ ಗಂಟಿಗೆ ಹಲ್ಲು ಕಟ್ಟಿಕೊಡ್ತಿದ್ದೆ ಅನ್ನು" ಅಂದರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ, "ಅಲ್ವೇ, ಮುದ್ದೇನ ಅಗಿದ್ಯಾ?" ಅಂತ ಕೇಳಿದರು.

ಕೇಳಿ ಪ್ರಯೋಜನವಿಲ್ಲ, ತಿನ್ನಿಸಿಯೇ ನೋಡಬೇಕು ಅಂತ ನಾನು ಮೇಜಿನ ಮೇಲೆ ಕೋಡುಬಳೆ ಡಬ್ಬ ಇಟ್ಟೆ. "ಹಲ್ಲಿನ ಡಾಕ್ಟ್ರ ಹೆಂಡತಿ ಗಿರಾಕಿ ಹುಟ್ಟಿಸಿಕೊಳ್ತಿದಾಳೆ ಅಂತಾರೆ ಕಣೇ" ಅಂದರು ಡಾಕ್ಟರು. ಆದರೂ ಸುಮ್ಮನಾದರು. ನಾನು ಕರಿದ ಕೋಡುಬಳೆ ಗಟ್ಟಿ ಅನ್ನುವುದು ನಮ್ಮ ಮನೆಯ ಹಳೆಯ ದೂರು. ಮೊದಲ ಸಲ ಅದರಿಂದ ಒಂದು ಉಪಯೋಗವಾಗುವ ಹಾಗಿತ್ತು.

ತಿಂಡಿ ಕೊಟ್ಟರೆ ಬೇಡ ಅನ್ನುವ ಜನ ಇವರಲ್ಲ. ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಕೆಳಗಿನ ಸೆಟ್ಟು ಒಗ್ಗಿದವರು ಅಲ್ಲೇ ಕಟುಮ್ ಅನ್ನಿಸುತ್ತಿದ್ದರು. ಒಗ್ಗದವರು ಅದನ್ನು ಒಂದು ಕ್ಷಣ ಕೈಯಲ್ಲಿ ತಿರುಗಿಸಿ, "ಮೊಮ್ಮಗೀಗೆ ಆಯ್ತದೆ" ಅಂತ ಜೇಬಿಗೋ ಸೆರಗಿಗೋ ಸೇರಿಸುತ್ತಿದ್ದರು. ಹಾಸನ ಜಿಲ್ಲೆಯ ಮೊಮ್ಮಕ್ಕಳು ಅಷ್ಟು ಕೋಡುಬಳೆಯನ್ನು ಅದಕ್ಕೆ ಮೊದಲೂ ತಿಂದಿರಲಾರರು, ಆಮೇಲೂ ತಿಂದಿರಲಾರರು. ಯಾರೂ ಚೆನ್ನಾಗಿಲ್ಲ ಅನ್ನಬೇಕಾಗಲಿಲ್ಲ, ನಾನೂ ಒರಟಾಗಿ ಕೇಳಬೇಕಾಗಲಿಲ್ಲ. ಕೋಡುಬಳೆ ಜೇಬಿಗೆ ಹೋಯಿತೆಂದರೆ ನಾನು ಒಳಗೆ ಹೋಗಿ, "ಮೊಮ್ಮಗ" ಅನ್ನುತ್ತಿದ್ದೆ. ಡಾಕ್ಟರು ಆ ಸೆಟ್ಟನ್ನು ಉಜ್ಜಿ, ತಿದ್ದಿ, ಇನ್ನೊಮ್ಮೆ ಕೂರಿಸಿ ನೋಡುತ್ತಿದ್ದರು.

ಇದರಲ್ಲೂ ಒಂದು ಅನಾಹುತವಾಯಿತು. ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ಯಾವ ಪರೀಕ್ಷೆಯಲ್ಲೂ ಹಿಂಜರಿದವರಲ್ಲ. ಕೋಡುಬಳೆಯನ್ನು ಪಕ್ಕದ ಹಲ್ಲಿಗೆ ಕೊಡುವುದು ಬಿಟ್ಟು, ಎದುರು ಹಲ್ಲಿಗೇ ಇಟ್ಟು ಕಚ್ಚಿದರು. ಕೋಡುಬಳೆ ಗೆದ್ದಿತು. ಮೇಲಿನ ಸೆಟ್ಟು ಎರಡು ಹೋಳಾಗಿ ಪಂಚೆಯ ಮೇಲೆ ಬಿತ್ತು. ಮೇಷ್ಟ್ರು ಹೋಳುಗಳನ್ನು ಎತ್ತಿ ನನ್ನ ಮೇಜಿನ ಮೇಲೆ ಜೋಡಿಸಿ, ಬೊಚ್ಚು ಬಾಯಲ್ಲಿ, "ಪ್ರಶ್ನೆಪತ್ರಿಕೆ ಸ್ವಲ್ಪ ಕಠಿಣವಾಯಿತು ತಾಯಿ" ಅಂದರು. ಮರುದಿನದಿಂದ ಕೋಡುಬಳೆಗೆ ಬೆಣ್ಣೆ ಜಾಸ್ತಿ ಹಾಕತೊಡಗಿದೆ.

ಎರಡು ಸಾವಿರದ ಆಚೆಗೆ ಕೆಲಸದ ರೀತಿಯೇ ಬದಲಾಯಿತು. ನಮ್ಮ ಮನೆಯವರು ಬೆಂಗಳೂರಿಗೆ ಹೋಗಿ ಹೊಸ ವಿಧಾನ ಕಲಿತು ಬಂದರು. ಕೆಳದವಡೆಯ ಮುಂಭಾಗದಲ್ಲಿ ಎರಡು ಪುಟ್ಟ ಸ್ಕ್ರೂ ಕೂರಿಸಬೇಕು. ಮೂಳೆ ಅವನ್ನು ಹಿಡಿದುಕೊಳ್ಳಲು ಮೂರು ನಾಲ್ಕು ತಿಂಗಳು ಕಾಯಬೇಕು. ಆಮೇಲೆ ಅವುಗಳ ತಲೆಗೆ ಮುತ್ತಿನಂಥ ಗುಂಡು, ಸೆಟ್ಟಿನ ಅಡಿಯಲ್ಲಿ ರಬ್ಬರ್ ರಿಂಗು. ಒತ್ತಿದರೆ ರವಿಕೆಯ ಟಿಚ್ ಬಟನ್ನಿನ ಹಾಗೆ ಟಿಕ್ ಅಂತ ಕೂರುತ್ತದೆ. ತೊಳೆಯುವಾಗ ಎಳೆದು ತೆಗೆಯಬಹುದು. ತರಬೇತಿಯಿಂದ ಅವರು ಒಂದು ಮಾತನ್ನೂ ಹೊತ್ತು ತಂದಿದ್ದರು, ಪೇಷಂಟ್ ಸ್ಯಾಟಿಸ್ಫ್ಯಾಕ್ಷನ್. ಕೂರಿಸುವುದು ಅರ್ಧ ಕೆಲಸವಂತೆ, ರೋಗಿಗೆ ನಿಜವಾಗಿ ತೃಪ್ತಿಯಾಯಿತೇ ಅಂತ ತಿಳಿಯುವುದು ಉಳಿದರ್ಧವಂತೆ. "ಆ ಅರ್ಧ ನಿನ್ನದು" ಅಂದರು. ನಾನು ಕೋಡುಬಳೆ ಡಬ್ಬ ತೊಳೆದು ಹೊಸದಾಗಿ ತುಂಬಿಟ್ಟೆ.

ಆದರೆ ದವಡೆಗೆ ಸ್ಕ್ರೂ ಅಂದರೆ ಯಾರು ಒಪ್ಪುತ್ತಾರೆ? ಸಣ್ಣಮ್ಮನಿಗೆ ಹೇಳಿದಾಗ ಎಲೆಅಡಿಕೆ ಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಬಾಗಿಲ ತನಕ ಹೋಗಿ, ಕುಟ್ಟಾಣಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಅಡ್ಕೆ ಅಗೀಬೌದಾ?" ಅಂದರು. ಅಗಿಯಬಹುದು ಅಂದೆ. "ಮೊದ್ಲು ಇನ್ಯಾರ್ಗಾರ ಆಕು. ಅವ್ರು ನೆಟ್ಟುಗಿದ್ರೆ ನನ್ನ ಕರಿ" ಅಂತ ಹೋದರು.

ಆ ಇನ್ಯಾರೋ ಆದವರು ನಿಂಗಣ್ಣ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರು. ಬಸ್ಸಿನ ಬಾಗಿಲ ಬಳಿ ನಿಂತು ಊರಿನ ಹೆಸರು ಕೂಗಿ ಜನ ಹತ್ತಿಸುವುದು ಅವರ ಕೆಲಸ. ದೊಡ್ಡ ಮೀಸೆ, ಕತ್ತಿನಲ್ಲಿ ಸದಾ ಒಂದು ಟವೆಲ್ಲು. ನಮ್ಮ ಕ್ಲಿನಿಕ್ಕಿನಲ್ಲೇ ಮಾಡಿಸಿದ ಹಲ್ಲುಸೆಟ್ಟು. ಒಂದು ದಿನ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಪಿಸುದನಿಯಲ್ಲಿ ಹೇಳಿದರು:

"ಅಮ್ಮಾವ್ರೆ, ಮಾನ ಓಯ್ತು."

"ಏನಾಯ್ತು ನಿಂಗಣ್ಣ?"

"ಅರ್ಕಲ್‌ಗೂಡು ಬಸ್ಸು ಒರಡ್ತಿತ್ತು. ಜೋರಾಗ್ ಒಂದ್ ಕೂಗ್ ಕೂಗ್ದೆ. ಕೆಳುಗಿನ್ ಸೆಟ್ಟು ಎಗ್ರಿ ಕಿಟಕಿ ಪಕ್ಕ ಕೂತಿದ್ದ ಎಣ್ಮಗಳ ಮಡ್ಲಿಗೇ ಬಿತ್ತು. ಆಯಮ್ಮ ಕಿಟಾರನೆ ಕಿರುಚ್ಕಂಡ್ಳು. ಡ್ರೈವರು ಆಕ್ಸಿಡೆಂಟೇ ಆಯ್ತು ಅಂತ ಬ್ರೇಕ್ ಆಕ್ಬುಟ್ಟ."

ಅಂದಿನಿಂದ ಕೆಳಗಿನ ಸೆಟ್ಟು ಜೇಬಿನಲ್ಲಿ. ಸೆಟ್ಟಿಲ್ಲದೆ ಕೂಗಿದರೆ ದನಿಯೆಲ್ಲ ಗಾಳಿಯಾಗಿ ಹೋಗುತ್ತಿತ್ತು. ಪಕ್ಕದ ಬಸ್ಸಿನ ಏಜೆಂಟ ಇವರ ಜನರನ್ನೂ ಹತ್ತಿಸಿಕೊಂಡು ಹೋಗುತ್ತಿದ್ದ. ಬಸ್ಸಿನ ಯಜಮಾನರು, ಇನ್ನು ಮೇಲೆ ಬೇರೆಯವನು ಕೂಗಲಿ, ನೀನು ಒಳಗೆ ಕೂತು ಲಗೇಜು ನೋಡಿಕೋ ಅಂದಿದ್ದರಂತೆ.

"ಲಗೇಜ್ ನೋಡ್ಕಳಾದೂ ಒಂದ್ ಕೆಲ್ಸಾನಾ ಅಮ್ಮಾವ್ರೆ? ಮೂವತ್ ವರ್ಷದಿಂದ ನಾನ್ ಕೂಗ್ದಿದ್ರೆ ಬಸ್ಸು ಅಲ್ಲಾಡ್ತಿರ್ನಿಲ್ಲ."

ಒಳಗಿನಿಂದ ಬಂದ ಡಾಕ್ಟರು ಸ್ಕ್ರೂ ವಿಷಯ ಹೇಳಿದರು. ನಾನು ಟಿಚ್ ಬಟನ್ ಉದಾಹರಣೆ ಕೊಟ್ಟು ವಿವರಿಸಿದೆ. ನಿಂಗಣ್ಣನಿಗೆ ಅದು ಹಿಡಿಸಲಿಲ್ಲ. ಸ್ವಲ್ಪ ಯೋಚಿಸಿ, "ಬಸ್ಸಿನ್ ಸೀಟ್ನ ತಳಕ್ಕೆ ಬೋಲ್ಟ್ ಆಕಿರ್ತಾರಲ್ಲ ಸಾ, ಅಂಗಾ?" ಅಂದರು. ಹಾಗೇ ಅಂದರು ಡಾಕ್ಟರು. "ಅಂಗಾದ್ರೆ ಆಕಿ ಸಾ. ಬೋಲ್ಟ್ ಆಕುದ್ ಸೀಟು ಎಲ್ಲಿಗೂ ಓಗಾಕಿಲ್ಲ."

ಸ್ಕ್ರೂ ಕೂರಿಸುವ ದಿನ ಭಯ ಇಲ್ಲದಿದ್ದವರು ನಿಂಗಣ್ಣ ಒಬ್ಬರೇ. ನಮ್ಮ ಮನೆಯವರು ಬೆಳಗಿನಿಂದ ಕಾಫಿಗೆ ಉಪ್ಪು ಹಾಕಿದ್ದೆನೋ ಸಕ್ಕರೆ ಹಾಕಿದ್ದೆನೋ ಗಮನಿಸದೆ ಕುಡಿದಿದ್ದರು. ಉಪ್ಪೇ ಹಾಕಿದ್ದೆ ಅಂತ ನನ್ನದು ಕುಡಿದಾಗ ತಿಳಿಯಿತು. ಕೆಲಸ ಸುಸೂತ್ರವಾಯಿತು. ಆಮೇಲಿನ ತಿಂಗಳುಗಳಲ್ಲಿ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಕಡೆ ಕಣ್ಣು ಹಾಯಿಸುತ್ತಿದ್ದೆ. ನಿಂಗಣ್ಣ ಲಗೇಜುಗಳ ನಡುವೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಹೊರಗೆ ಒಬ್ಬ ಹೊಸಬ ಕೂಗುತ್ತಿದ್ದ. ಅವನು ಕೂಗಿದಾಗಲೆಲ್ಲ ಇವರ ತುಟಿ ಅಲ್ಲಾಡುತ್ತಿತ್ತು.

ಕೊನೆಗೆ ಸೆಟ್ಟು ಕೂರಿಸುವ ದಿನ ಬಂತು. ಟಿಕ್, ಟಿಕ್ ಅಂತ ಎರಡು ಸದ್ದು ಹೊರಗಿದ್ದ ನನಗೂ ಕೇಳಿಸಿತು.

"ಈಗ ಒಂದ್ಸಲ ಕೂಗಿ ನೋಡಿ ನಿಂಗಣ್ಣ" ಅಂದರು ಡಾಕ್ಟರು.

"ಇಲ್ಲೇನಾ?"

"ಹೂಂ."

"ಇಲ್ಲೆಂಗ್ ಕೂಗಾದು ಸಾ? ಬಸ್ಸೇ ಇಲ್ವಲ್ಲ."

ಎಷ್ಟು ಬಲವಂತ ಮಾಡಿದರೂ ಕೂಗಲಿಲ್ಲ. ಆಸ್ಪತ್ರೆಯಲ್ಲಿ ಮಾತಾಡುವ ಮೆಲುದನಿಯಲ್ಲೇ, "ಚೆನ್ನಾಗೈತೆ ಸಾ" ಅಂದರು. ಆ ಮಾತನ್ನು ನಾನು ಮೊದಲೂ ಬಹಳ ಜನರಿಂದ ಕೇಳಿದ್ದೆ. ಅವರು ಈಚೆ ಬಂದಾಗ ಕೋಡುಬಳೆ ಡಬ್ಬ ತೆರೆದು ಮುಂದೆ ಹಿಡಿದೆ. ಒಂದು ತೆಗೆದುಕೊಂಡರು. ಕೈಯಲ್ಲಿ ತಿರುಗಿಸಿ ನೋಡಿದರು. ಟವೆಲಿನ ತುದಿಯಲ್ಲಿ ಗಂಟು ಹಾಕಿಕೊಂಡು, "ಮನೇಗ್ ತಕಂಡ್ ಓಯ್ತೀನಿ ಅಮ್ಮಾವ್ರೆ" ಅಂದು ಹೊರಟೇಹೋದರು.

ನಾನು ಒಳಗೆ ಹೋದೆ. ನಮ್ಮ ಮನೆಯವರು ನನ್ನ ಮುಖ ನೋಡಿ, "ಮೊಮ್ಮಗನಾ?" ಅಂದರು. ನಾನು ತಲೆ ಆಡಿಸಿದೆ.

ಒಂದು ವಾರ ಬಿಟ್ಟು ತೋರಿಸಲು ಬರಬೇಕಿತ್ತು, ಬರಲಿಲ್ಲ. ತಿಂಗಳಾದರೂ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದೆ. ಹೊಸಬನೇ ಕೂಗುತ್ತಿದ್ದ. ಒಳಗಿನ ಸ್ಟೂಲಿನ ಮೇಲೆ ಯಾರದೋ ಕೋಳಿಬುಟ್ಟಿ ಇತ್ತು. ಕೇಳೋಣವೆಂದರೆ ಆ ಗಲಾಟೆಯಲ್ಲಿ ನನ್ನ ದನಿ ಯಾರಿಗೂ ಮುಟ್ಟಲಿಲ್ಲ. "ಎಕ್ಸ್‌ಕ್ಯೂಸ್ ಮಿ" ಅಂತ ನಾಲ್ಕು ಸಲ ಅಂದೆ. ಹೊಸಬ ನನ್ನನ್ನು ಹೊಳೆನರಸೀಪುರದ ಬಸ್ಸಿಗೆ ಹತ್ತಿಸಲು ನೋಡಿದ. ವಾಪಸ್ಸು ಬಂದೆ.

ಇಷ್ಟು ಸಾಕಾಗಿತ್ತು ನಮ್ಮ ಮನೆಯವರಿಗೆ. ಆ ಹೊಸ ಸಲಕರಣೆಗಳ ಪೆಟ್ಟಿಗೆಯನ್ನು ಬೀರುವಿನ ಮೇಲಿನ ಖಾನೆಗೆ ಸೇರಿಸಿದರು. "ಅವರ ಕೂಗೂ ಹೋಯ್ತು, ಇದ್ದ ಸ್ಟೂಲೂ ಹೋಯ್ತು. ನನ್ನ ಕೈಗೆ ಹತ್ತೋ ಕೆಲಸ ಅಲ್ಲ ಬಿಡು" ಅಂದರು. ಲಕ್ಷ್ಮಿ ಫೋನ್ ಮಾಡಿ ಅತ್ತೆಯ ಪರವಾಗಿ, "ಆ ಬಸ್ಸಿನೋರು ಎಂಗವ್ರೆ ಅಕ್ಕಾ?" ಅಂತ ಕೇಳಿದಾಗ ನಾನು ಏನು ಹೇಳಲಿ? ಕಾನ್ವೆಂಟಿನ ನಯ ಮತ್ತೆ ಕೈಕೊಟ್ಟಿತು. "ಇನ್ನೂ ನೋಡ್ತಾ ಇದೀವಮ್ಮ" ಅಂದೆ.

ಹೀಗಿರುವಾಗ ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಬೇಕಾಯಿತು. ಊಟ ಮುಗಿಸಿ, ತಾಂಬೂಲದ ತೆಂಗಿನಕಾಯಿ ಹಿಡಿದು ಸಂಜೆಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದು ಸಮಾಧಾನದಲ್ಲಿ ಕೂತೆ. ನಡುವಿನ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಬಸ್ಸು ಗುರ್ ಅನ್ನುತ್ತಿತ್ತು. ಆಗ ಹಿಂದುಗಡೆಯಿಂದ ಒಂದು ದನಿ ಬಂತು.

"ಆಸನ ಆಸನ ಆಸನಾಆಆಆ! ಯಾರ್ರೀ ಆಸನಾ! ಓಡ್ ಬಾರಯ್ಯ, ಓಡ್ ಬಾ! ಆಸನಾಆಆಆ!"

ತಗಡಿಗೆ ಬಡಿದ ಹಾಗಿತ್ತು. ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಗಸು ಬೆಚ್ಚಿ ಎದ್ದಳು. ನಾನು ಕಿಟಕಿಯಿಂದ ತಲೆ ಹೊರಹಾಕಿದೆ. ಕತ್ತಿನಲ್ಲಿ ಟವೆಲ್ಲು, ದೊಡ್ಡ ಮೀಸೆ, ಬಾಯಿ ಅಷ್ಟಗಲ. ನಿಂಗಣ್ಣ!

ಇಳಿಯಲು ದಾರಿಯಿಲ್ಲ. ಬಸ್ಸು ಅಲುಗಾಡಿತು. ಸಿಸ್ಟರುಗಳು ಕ್ಷಮಿಸಬೇಕು, ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಸಾರ್ವಜನಿಕ ಸ್ಥಳದಲ್ಲಿ ಕೂಗಿದೆ.

"ನಿಂಗಣ್ಣಾ! ಕೆಳಗಿನ ಸೆಟ್ಟು ಹೇಗಿದೇ?"

ಇಡೀ ಬಸ್ಸು ನನ್ನ ಕಡೆ ತಿರುಗಿತು. ನಿಂಗಣ್ಣ ನೋಡಿದರು, ಗುರುತು ಸಿಕ್ಕಿತು, ಬಸ್ಸಿನ ಜೊತೆ ಓಡುತ್ತಲೇ ಕೂಗಿದರು:

"ಲೂಸಾಗ್‌ಬುಟ್ಟೈತೆ ಅಮ್ಮಾವ್ರೆ! ಟಿಕ್ ಅಂತಾನೇ ಇಲ್ಲ! ಏನ್ ಬೋಲ್ಟ್ ಆಕುದ್ರೋ ಏನೋ! ಡಾಕ್ಟ್ರಿಗ್ ಏಳಿ, ಬಂದು ಬೈತೀನಿ!"

ಅಷ್ಟು ಚೆಂದದ ಬೈಗುಳವನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಸೋಮವಾರ ಬನ್ನೀ!" ಅಂತ ಕೂಗಿದೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ಹಾಸನ ಬರುವ ತನಕ ನನ್ನ ಮಡಿಲಿನ ತೆಂಗಿನಕಾಯಿಯನ್ನೂ ನನ್ನನ್ನೂ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಿಂಗಣ್ಣ ಮೆಟ್ಟಿಲ ಮೇಲೆ ಕೂತಿದ್ದರು. ಕತೆ ಇಷ್ಟು. ಸೆಟ್ಟು ಕೂರಿಸಿದ ಮರುದಿನವೇ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ್ದಾರೆ. ಯಜಮಾನರು ಎದುರಿನ ಹೋಟೆಲಿನಿಂದ ಕಾಫಿ ಬಿಟ್ಟು ಎದ್ದು ಬಂದಿದ್ದಾರೆ. ಒಂದೇ ಸ್ಟ್ಯಾಂಡಿಗೆ ಎರಡು ಗಂಟಲು ಯಾಕೆ ಅಂತ ಹೊಸಬನನ್ನು ಹಾಸನದಲ್ಲೇ ಬಿಟ್ಟು, ಪೈಪೋಟಿ ಹೆಚ್ಚಿದ್ದ ಚನ್ನರಾಯಪಟ್ಟಣಕ್ಕೆ ಇವರನ್ನು ಕಳಿಸಿದ್ದಾರೆ.

"ಮತ್ತೆ ತೋರಿಸೋಕೆ ಯಾಕೆ ಬರಲಿಲ್ಲ?" ಅಂದರು ಡಾಕ್ಟರು.

"ಚೆನ್ನಾಗಿರೋವಾಗ ಯಾಕ್ ಬರ್ಲಿ ಸಾ? ಕೆಟ್ಟಾಗ ತಾನೆ ಗ್ಯಾರೇಜ್ಗೆ ಬರಾದು?"

ನನಗೆ ತಡೆಯಲಾಗಲಿಲ್ಲ. "ಆವತ್ತು ಕೋಡುಬಳೆ ತಿನ್ನದೆ ಗಂಟು ಕಟ್ಕೊಂಡು ಹೋದ್ರಲ್ಲ ನಿಂಗಣ್ಣ?"

"ಆವತ್ತು ಶನಿವಾರ ಅಲ್ವಾ ಅಮ್ಮಾವ್ರೆ? ನಂಗೆ ಒಪ್ಪೊತ್ತು. ರಾತ್ರಿ ತನಕ ಉಪ್ಪು ಮುಟ್ಟಾಕಿಲ್ಲ. ಬಾನುವಾರ ಬೆಳ್ಗಾಗೆದ್ದು ತಿಂದೆ. ಚೆನ್ನಾಗಿತ್ತು, ಈಟು ಗಟ್ಟಿ."

ಶನಿವಾರಕ್ಕೂ ಕೋಡುಬಳೆಗೂ ಇರುವ ಸಂಬಂಧ ನನ್ನ ಸಂಶೋಧನೆಯಲ್ಲಿ ಸೇರಿರಲಿಲ್ಲ. ನಮ್ಮ ಮನೆಯವರು ನನ್ನ ಕಡೆ ಒಮ್ಮೆ ನೋಡಿದರು. ಮುದ್ದೆಯ ದಿನವೂ ಹಾಗೇ ನೋಡಿದ್ದರು.

ಆಮೇಲೆ ಸೆಟ್ಟನ್ನು ಎಳೆದು ತೆಗೆದು, ದೀಪದ ಕೆಳಗೆ ತಿರುಗಿಸಿದರು. ನನ್ನನ್ನು ಹತ್ತಿರ ಕರೆದು ತೋರಿಸಿದರು. ಹೊಸದಾಗಿದ್ದಾಗ ದುಂಡಗೆ, ಉಬ್ಬಿಕೊಂಡಿದ್ದ ರಬ್ಬರ್ ರಿಂಗು ಸವೆದು ನೂಲಿನ ಹಾಗಾಗಿತ್ತು. ಒಂದು ಕಡೆ ಹರಿದೂ ಇತ್ತು. ಬಹಳ ಕಾಲ ಬರಬೇಕಾದದ್ದನ್ನು ನಿಂಗಣ್ಣ ಕೂಗಿ ಕೂಗಿ, ಅಗಿದು ಅಗಿದು, ಇಷ್ಟು ಬೇಗ ಮುಗಿಸಿದ್ದರು.

ನಮ್ಮ ಮನೆಯವರು ನಗಲು ಶುರು ಮಾಡಿದರು. ಸದ್ದಿಲ್ಲದ, ಭುಜ ಮಾತ್ರ ಅಲ್ಲಾಡುವ ನಗು.

"ಏನ್ ಸಾ, ನಾನ್ ಬೈಯಾಕ್ ಬಂದಿವ್ನಿ, ನೀವ್ ನಗ್ತೀರಿ?"

"ಬೈಯಿರಿ ನಿಂಗಣ್ಣ, ಬೈಯಿರಿ" ಅಂದರು ಅವರು, ಹೊಸ ರಿಂಗು ಕೂರಿಸುತ್ತಾ. ಕೂರಿಸುವ ಹೊತ್ತಿನಲ್ಲಿ ಬೈಯಲು ಆಗುವುದಿಲ್ಲ. ನಿಂಗಣ್ಣ ಕಾದು, ಟಿಕ್ ಅಂದ ಮೇಲೆ ಬೈದರು. ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡರು.

ಆ ಮಧ್ಯಾಹ್ನ ಸಲಕರಣೆಗಳ ಪೆಟ್ಟಿಗೆ ಬೀರುವಿನಿಂದ ಕೆಳಗಿಳಿಯಿತು. ನಾನು ಅರಕಲಗೂಡಿಗೆ ಫೋನ್ ಮಾಡಿದೆ. "ಆ ಬಸ್ಸಿನೋರು ಬಂದಿದ್ರು ಲಕ್ಷ್ಮಿ. ಬೈದು ಹೋದ್ರು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಸಣ್ಣಮ್ಮನ ದನಿಯೇ ಬಂತು, "ಜೋರಾಗ್ ಬೈದ್ರಾ?"

"ಬಹಳ ಜೋರಾಗಿ."

"ಅಂಗಾದ್ರೆ ನಂಗೂ ಆಕು."

ಸಣ್ಣಮ್ಮನಿಗೂ ಹಾಕಿದರು. ಮುಂದಿನ ಎಷ್ಟೋ ವರ್ಷ ಅವರು ಬಂದು, ಅಡಿಕೆ ಚೂರು ಸಿಕ್ಕಿಕೊಳ್ಳುತ್ತದೆ, ಸುಣ್ಣ ಮೆತ್ತುತ್ತದೆ, ರಿಂಗು ಸವೆಯುತ್ತದೆ ಅಂತ ತಗಾದೆ ತೆಗೆಯುತ್ತಿದ್ದರು. ಕುಟ್ಟಾಣಿಯನ್ನು ನನಗೇ ಕೊಟ್ಟುಬಿಟ್ಟರು. ಏಲಕ್ಕಿ ಕುಟ್ಟಲು ಬಹಳ ಚೆನ್ನಾಗಿದೆ. ಆಮೇಲಿನಿಂದ ನಮ್ಮ ಮನೆಯವರು ಸೆಟ್ಟಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ನನ್ನದಂತೂ ಕೇಳುತ್ತಲೇ ಇರಲಿಲ್ಲ. ರಿಂಗು ನೋಡುತ್ತಿದ್ದರು. "ಚೆನ್ನಾಗಿದೆ" ಅಂದವರ ರಿಂಗು ಹೊಸದರಂತೆ ಹೊಳೆಯುತ್ತಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿಸುತ್ತಿದ್ದರು. ಬೈದುಕೊಂಡು ಬಂದವರಿಗೆ ನಾನು ಮೊದಲು ಕುರ್ಚಿ ಕೊಡುತ್ತಿದ್ದೆ. ಡಬ್ಬದಲ್ಲಿ ಕೋಡುಬಳೆ ಆಮೇಲೂ ಇತ್ತು, ಶನಿವಾರ ಬಿಟ್ಟು.

ಇಷ್ಟೇ ನನ್ನ ಅನುಭವ ರಮ್ಯಾ. ಆದರೆ ಮೊನ್ನೆ ನಡೆದದ್ದನ್ನೂ ನಾನೇ ಬರೆದುಬಿಡುತ್ತೇನೆ, ನೀನು ಹೇಗೂ ಎಲ್ಲರಿಗೂ ಹೇಳಿರುತ್ತೀಯ.

ಈ ವರ್ಷ ನನ್ನ ಹಲ್ಲುಗಳೂ ಮುಗಿದವು. ನಿಮ್ಮ ಲೇಡಿ ಡಾಕ್ಟರು ಕೆಳಗಿನ ಸೆಟ್ಟಿಗೆ ಸ್ಕ್ರೂ ಹಾಕೋಣ ಅಂದರು. ಅಷ್ಟು ಜನಕ್ಕೆ ಧೈರ್ಯ ಹೇಳಿ ಒಳಗೆ ಕಳಿಸಿದ ನಾನು, "ಅಯ್ಯೋ, ನನಗೆ ಮಾಮೂಲಿದೇ ಸಾಕಮ್ಮ" ಅಂದೆ. ದವಡೆಗೆ ಸ್ಕ್ರೂ ಅಂದರೆ ಹೇಗಿರುತ್ತದೆ ಅಂತ ನನಗೆ ಆಗ ಹೊಳೆದದ್ದು. ಮಾಮೂಲಿದು ತಯಾರಾಯಿತು. ಹದಿನೈದು ದಿನ ಬಿಟ್ಟು ಹೋದಾಗ ಡಾಕ್ಟರು ನಯವಾಗಿ, "ಹೇಗಿದೆ ಆಂಟಿ?" ಅಂದರು. ನಾನು ಕೈ ಬಾಯಿಗೆ ಅಡ್ಡ ಇಟ್ಟು ನಕ್ಕು, "ಚೆನ್ನಾಗಿದೆ ಕಣಮ್ಮ" ಅಂದೆ.

ಹೊರಗೆ ಬಂದರೆ ನೀನು ನನ್ನ ಹಳೆಯ ಡಬ್ಬವನ್ನೇ ಮುಂದೆ ಹಿಡಿದೆ. ನಾನು ಒಂದು ಕೋಡುಬಳೆ ತೆಗೆದುಕೊಂಡೆ. ಕೈಯಲ್ಲಿ ತಿರುಗಿಸಿದೆ. ಹ್ಯಾಂಡ್‌ಬ್ಯಾಗಿಗೆ ಹಾಕಿಕೊಳ್ಳುತ್ತಾ, "ಮೊಮ್ಮಗನಿಗೆ ಆಗತ್ತೆ" ಅಂದೆ.

"ಆಂಟಿ," ಅಂದೆ ನೀನು, ಇಡೀ ಬೆಂಚಿಗೆ ಕೇಳುವ ಹಾಗೆ, "ನಿಮ್ಮ ಒಬ್ಬಳೇ ಮಗಳಿಗೆ ಇನ್ನೂ ಮದುವೇನೇ ಆಗಿಲ್ವಲ್ಲ!"

ಬ್ಯಾಗು ತೆರೆದೇ ಇತ್ತು. ಕರವಸ್ತ್ರದಲ್ಲಿ ಸುತ್ತಿದ್ದ ಕೆಳಗಿನ ಸೆಟ್ಟು ನಿನಗೂ ಕಾಣಿಸಿತು, ಪಕ್ಕದಲ್ಲಿ ಕೂತಿದ್ದ ಅಜ್ಜನಿಗೂ ಕಾಣಿಸಿತು.

"ಸೋಮವಾರ ಸ್ಕ್ರೂ ಹಾಕಿಸ್ಕೊಳ್ಳೋಕೆ ಬನ್ನಿ" ಅಂದೆ ನೀನು. ಪ್ಲೀಸ್ ಅನ್ನಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಸಿಸ್ಟರುಗಳು ಕೇಳಿದ್ದರೆ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವಳಿಗೆ ನಾನು ಬರೆದುಕೊಡಬೇಕಾದದ್ದು ಏನೂ ಇಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಆದರೂ ಒಪ್ಪಿಕೊಂಡಿದ್ದೆನಲ್ಲ, ಬರೆದಿದ್ದೇನೆ. ಸೋಮವಾರ ಬರುವಾಗ ತರುತ್ತೇನೆ.